ಮಳೆ ಲೆಕ್ಕದ ಪುಸ್ತಕದಲ್ಲಿ ಸಿಎ-125

ಮೂಡಿಗೆರೆ ಕಡೆಯ ಕಾಫಿ ತೋಟದ ಮನೆಗಳಲ್ಲಿ ಮಳೆ ಲೆಕ್ಕದ ಪುಸ್ತಕ ಇರುತ್ತದೆ. ಬೆಳಿಗ್ಗೆ ಎದ್ದು ಮಾಪಕ ನೋಡಿ ಇಷ್ಟು ಇಂಚು, ಇಷ್ಟು ಸೆಂಟ್ (ಇಂಚಿನ ನೂರನೇ ಒಂದು ಪಾಲು) ಎಂದು ಬರೆದಿಡುವುದು ರೂಢಿ. ನನಗೆ ಗೊತ್ತಿರುವ ಒಂದು ಮನೆಯ ಪುಸ್ತಕದಲ್ಲಿ ಕಳೆದ ವರ್ಷ ಮಳೆಯ ಪಕ್ಕ ಇನ್ನೊಂದು ಕಾಲಂ ಶುರುವಾಯಿತು: 1840, 1910, 620, 210, 265, 74, 28. ಮನೆಯಾಕೆಗೆ ಅಂಡಾಶಯದ ಕ್ಯಾನ್ಸರ್. ಅಂಕಿಗಳು ಸಿಎ-125 ಎಂಬ ರಕ್ತಪರೀಕ್ಷೆಯವು. ಬರೆಯುತ್ತಿದ್ದವರು ಯಜಮಾನರು, ಮಳೆ ಬರೆಯುವ ಅದೇ ನೀಲಿ ಪೆನ್ನಿನಲ್ಲಿ.

ಈ ಪರೀಕ್ಷೆಯ ಮೂಲ 1981ರಲ್ಲಿದೆ. ಅಮೆರಿಕದ ರಾಬರ್ಟ್ ಬಾಸ್ಟ್ ಮತ್ತು ಸಂಗಡಿಗರು ಅಂಡಾಶಯದ ಗಡ್ಡೆಯ ಕೋಶಗಳನ್ನು ಗುರುತು ಹಿಡಿಯುವ ಪ್ರತಿಕಾಯ (ಆಂಟಿಬಾಡಿ) ಹುಡುಕುತ್ತಿದ್ದರು. 125ನೆಯದು ಕೈಹಿಡಿಯಿತು, ಅದೇ ಹೆಸರಾಯಿತು. 1983ರಲ್ಲಿ ರಕ್ತದಲ್ಲಿ ಅಳೆಯುವ ವಿಧಾನ ಬಂತು. ಆರೋಗ್ಯವಂತರೆನಿಸಿದ 888 ಜನರಲ್ಲಿ ಶೇ. 1ರಷ್ಟು ಮಂದಿ ಮಾತ್ರ ಮಿಲಿಲೀಟರಿಗೆ 35 ಯೂನಿಟ್ ದಾಟಿದ್ದರು; ಕ್ಯಾನ್ಸರ್ ಇದ್ದ 101 ಮಂದಿಯಲ್ಲಿ 83 ಜನ ದಾಟಿದ್ದರು. 35ರೊಳಗಿದ್ದರೆ ಸಹಜ ಎಂಬ ಗೆರೆ ಹುಟ್ಟಿದ್ದು ಹೀಗೆ. ಅದೇ ವರದಿಯಲ್ಲಿ ಇನ್ನೊಂದು ಲೆಕ್ಕವೂ ಇತ್ತು: 45 ಸಂದರ್ಭಗಳಲ್ಲಿ 42ರಲ್ಲಿ ಅಂಕಿಯ ಏರಿಳಿತ ಕಾಯಿಲೆಯ ಏರಿಳಿತದ ಜತೆಗೇ ಸಾಗಿತ್ತು. ಕೀಮೋ ತೆಗೆದುಕೊಳ್ಳುವವರಿಗೆ ಬೇಕಾದದ್ದು ಈ ಎರಡನೆಯ ಮಾತು. ರಿಪೋರ್ಟಿನಲ್ಲಿ ಅಚ್ಚಾಗುವುದು ಮಾತ್ರ ಮೊದಲನೆಯದು.

ಮುಂದಿನ ಇಪ್ಪತ್ತು ವರ್ಷಗಳನ್ನು ಒಂದೇ ಉಸಿರಿನಲ್ಲಿ ಹೇಳಬಹುದು: ಪರೀಕ್ಷೆಯ ಕಿಟ್‌ಗಳು ಬದಲಾದವು, ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧ ಬಂತು, ಸಿಎ-125 ಅಂದರೆ ಎಂಯುಸಿ16 ಎಂಬ ಪ್ರೋಟೀನ್ ಎಂದು 2001ರಲ್ಲಿ ತಿಳಿಯಿತು. ಮುಟ್ಟು, ಬಸಿರು, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪೊರೆಯಂಥದ್ದು ಹೊರಗೆ ಬೆಳೆಯುವುದು), ಲಿವರ್ ಸಿರೋಸಿಸ್, ಹೊಟ್ಟೆಯ ಕ್ಷಯ ಇವುಗಳಲ್ಲೂ ಅಂಕಿ ಏರುತ್ತದೆ ಎಂಬುದೂ ಸ್ಪಷ್ಟವಾಯಿತು.

ಗೊಂದಲ ಇರುವುದು ಕೀಮೋದ ತಿಂಗಳುಗಳಲ್ಲಿ. ಆ ಪುಸ್ತಕದ ಸಾಲನ್ನೇ ನೋಡಿ. ಕೀಮೋದ ಮೊದಲ ಸೈಕಲ್, ಅಂದರೆ ಮೊದಲ ಸುತ್ತು, ಆದ ಮೇಲೆ 1840 ಇದ್ದದ್ದು 1910 ಆಯಿತು. ಮನೆಯಲ್ಲಿ ಆ ರಾತ್ರಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಆದರೆ 1840 ತೆಗೆದದ್ದು ಮೊದಲ ಡ್ರಿಪ್‌ಗೆ ಒಂದು ತಿಂಗಳ ಹಿಂದೆ. ಬೆಡ್‌ಗೆ ಕಾಯುವಷ್ಟರಲ್ಲಿ ಅದು ಎಲ್ಲಿಗೆ ಏರಿತ್ತೋ. ಆರಂಭದ ಅಂಕಿ ಚಿಕಿತ್ಸೆಗೆ ಎರಡು ವಾರದೊಳಗಿನದಾಗಿರಬೇಕು ಎಂದು ತಜ್ಞರ ಅಂತರರಾಷ್ಟ್ರೀಯ ನಿಯಮ ಹೇಳುವುದು ಇದಕ್ಕೇ. ಮೇಲಾಗಿ ಔಷಧಕ್ಕೆ ಸಾಯುವ ಕೋಶಗಳು ಈ ಪ್ರೋಟೀನನ್ನು ರಕ್ತಕ್ಕೆ ಚೆಲ್ಲಿ, ಅಂಕಿ ಕೆಲವು ದಿನ ಏರಬಹುದು. ಅರ್ಧಕ್ಕಿಂತ ಕೆಳಗಿಳಿದು 28 ದಿನ ಹಾಗೇ ನಿಂತರೆ ಔಷಧ ಹಿಡಿದಿದೆ ಎಂದು ಲೆಕ್ಕ. 620 ಆ ದಾರಿಯಲ್ಲೇ ಇತ್ತು.

ಮೂರು ಸೈಕಲ್ ಮುಗಿಸಿ ಆಪರೇಷನ್. ಅದಾದ ಮೇಲೆ 210 ಇದ್ದದ್ದು 265. ಮತ್ತೆ ಗಾಬರಿ. ಹೊಟ್ಟೆಯೊಳಗಿನ ಪೊರೆಗೆ ಕತ್ತರಿ ತಾಗಿದರೂ ಸಿಎ-125 ಏರುತ್ತದೆ. ಹಾಗಾಗಿ ಅಲ್ಲಿಂದ 28 ದಿನದವರೆಗಿನ ಅಂಕಿಯನ್ನು ತೀರ್ಮಾನಕ್ಕೆ ಬಳಸಬಾರದು ಎಂಬುದೂ ಅದೇ ನಿಯಮದಲ್ಲಿದೆ. ಇತ್ತೀಚೆಗಂತೂ ಕೀಮೋದ ಮೊದಲ ನೂರು ದಿನದ ಮೂರಾದರೂ ಅಂಕಿಗಳನ್ನು ಹಿಡಿದು, ಇಳಿಯುವ ವೇಗವನ್ನೇ ಅಳೆಯುವ ‘ಕೆಲಿಮ್’ ಎಂಬ ಲೆಕ್ಕ ಬಂದಿದೆ.

ಕೊನೆಯ ಸೈಕಲ್ ಮುಗಿದ ಆಗಸ್ಟ್‌ನಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಜರಿದಿತ್ತು. ಮಂಗಳೂರಿಗೆ ಹೋಗಲಾಗದೆ ಚಿಕ್ಕಮಗಳೂರಿನಲ್ಲೇ ರಕ್ತ ಕೊಟ್ಟರು. ರಾತ್ರಿ ಒಂಬತ್ತೂವರೆಗೆ ವಾಟ್ಸ್ಆ್ಯಪ್‌ಗೆ ಪಿಡಿಎಫ್ ಬಂತು: 39, ದಪ್ಪಕ್ಷರದಲ್ಲಿ, ಪಕ್ಕದಲ್ಲಿ ಮೇಲ್ಮುಖ ಬಾಣ. ಡಾಕ್ಟರು ಸಿಗುವುದು ಸೋಮವಾರ. ಅಷ್ಟರಲ್ಲಿ ಹಾಸನದ ನೆಂಟರು ‘ಮತ್ತೆ ಬಂತಂತೆ’ ಎಂದು ಫೋನ್ ಮಾಡಿಯಾಗಿತ್ತು. ಒಮ್ಮೆ 35ರೊಳಗೆ ಬಂದವರಲ್ಲಿ ಅಂಕಿಯೊಂದನ್ನೇ ನೋಡಿ ಕಾಯಿಲೆ ಮರಳಿದೆಯೆನ್ನಲು ಅದು 70 ಮುಟ್ಟಬೇಕು, ಅದೂ ಕನಿಷ್ಠ ವಾರದ ಅಂತರದಲ್ಲಿ ಎರಡು ಸಲ. ಎರಡು ಲ್ಯಾಬ್‌ಗಳ ಯಂತ್ರ, ಕಿಟ್ ಬೇರೆಯಾದರೆ ಒಂದೇ ರಕ್ತಕ್ಕೆ ಎರಡು ಉತ್ತರ ಬರಬಹುದು, ಎರಡೂ ತಪ್ಪಲ್ಲ. ಹತ್ತು ದಿನ ಬಿಟ್ಟು ಹಳೆಯ ಲ್ಯಾಬಿನಲ್ಲಿ 27 ಬಂತು. ಯಾರದು ತಪ್ಪು ಎಂದು ಹುಡುಕಿದರೆ ಯಾರೂ ಸಿಗುವುದಿಲ್ಲ. ಬಾಣ ಹಾಕಿದ ಸಾಫ್ಟ್‌ವೇರ್‌ಗೆ ಈಕೆ ಕೀಮೋದಲ್ಲಿದ್ದವಳೆಂದು ಹೇಳಿದವರಿಲ್ಲ, ಅಷ್ಟೆ.

ಚಿಕಿತ್ಸೆ ಮುಗಿದ ಮೇಲೂ ನೋಡುತ್ತಲೇ ಇರಬೇಕೇ? 2010ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಯೂರೋಪಿನ ಪ್ರಯೋಗ ಇದನ್ನೇ ಕೇಳಿತು. 529 ಮಹಿಳೆಯರನ್ನು ಎರಡು ಗುಂಪು ಮಾಡಿ, ಅಂಕಿ ಏರಿದ ಕೂಡಲೇ ಕೆಲವರಿಗೆ, ಲಕ್ಷಣ ಕಂಡ ಮೇಲೆ ಉಳಿದವರಿಗೆ ಕೀಮೋ ಕೊಟ್ಟರು. ಬದುಕಿದ ಅವಧಿಯಲ್ಲಿ ವ್ಯತ್ಯಾಸ ಕಾಣಲಿಲ್ಲ; ಬೇಗ ಶುರುಮಾಡಿದವರು ಹೆಚ್ಚು ಕೀಮೋ ಅನುಭವಿಸಿದರು. ಹೊಸ ಔಷಧಗಳು ಬಂದ ಮೇಲೆ ಆ ಉತ್ತರ ಈಗಲೂ ನಿಲ್ಲುತ್ತದೆಯೇ ಎಂದು ವೈದ್ಯರಲ್ಲೇ ಜಗಳವಿದೆ. ಹಾಗಾಗಿ ಪರೀಕ್ಷೆ ಬೇಕೋ ಬೇಡವೋ ಎಂದು ರೋಗಿಯನ್ನೇ ಕೇಳುವವರಿದ್ದಾರೆ. ಈಕೆಯನ್ನೂ ಕೇಳಿದರು. ‘ಹೊಟ್ಟೆ ಉಬ್ಬಿದರೆ ನಾನೇ ಹೇಳ್ತೀನಿ’ ಎಂದರಂತೆ.

ಈ ವರ್ಷದ ಮಾರ್ಚ್ ಪುಟದಲ್ಲಿ ಆ ಕಾಲಂ ಖಾಲಿ ಇದೆ. ಪಕ್ಕದಲ್ಲಿ ಹೂಮಳೆ, 1 ಇಂಚು 20 ಸೆಂಟ್.