ಪೇಸ್‌ಮೇಕರ್ ಕೋಶಕ್ಕೆ ವಿಶ್ರಾಂತಿ ವಿಭವವೇ ಇಲ್ಲ

ನರಗಳ ಸಂಪರ್ಕ ಪೂರ್ತಿ ಕಡಿದರೂ ಹೃದಯ ಬಡಿಯುತ್ತದೆ. ಕಸಿ ಮಾಡಿದ ಹೃದಯವೇ ಸಾಕ್ಷಿ. ಬಡಿತ ಹುಟ್ಟುವುದು ಬಲ ಹೃತ್ಕರ್ಣದ ಗೋಡೆಯಲ್ಲಿ, ಮೇಲಿನ ಮಹಾಸಿರೆ ಬಂದು ಸೇರುವ ಕಡೆ ಇರುವ ಎಸ್‌ಎ ನೋಡ್ ಎಂಬ ಪುಟ್ಟ ಕೋಶಗುಚ್ಛದಲ್ಲಿ. ಪೇಸ್‌ಮೇಕರ್ ಕೋಶ ಎಂದರೆ ಇದರದೇ ಕೋಶ. 1907ರಲ್ಲಿ ಇದನ್ನು ವಿವರಿಸಿದವರು ಕೀತ್ ಮತ್ತು ಫ್ಲ್ಯಾಕ್.

ಮೊದಲು ಹೃತ್ಕುಕ್ಷಿಯ ಸ್ನಾಯುಕೋಶವನ್ನು ನೆನಪಿಸಿಕೊಳ್ಳಿ. ಎರಡು ಬಡಿತಗಳ ನಡುವೆ ಅದರ ವಿಭವ, ಅಂದರೆ ಪೊರೆಯ ಒಳಗೂ ಹೊರಗೂ ಇರುವ ವಿದ್ಯುತ್ ವ್ಯತ್ಯಾಸ, ಸುಮಾರು -90 ಮಿಲಿವೋಲ್ಟ್‌ನಲ್ಲಿ ಸುಮ್ಮನಿರುತ್ತದೆ. ಇದೇ ವಿಶ್ರಾಂತಿ ವಿಭವ. ಅದನ್ನು ಅಲ್ಲಿ ಹಿಡಿದಿಡುವುದು ಒಂದು ಬಗೆಯ ಪೊಟ್ಯಾಸಿಯಂ ಚಾನೆಲ್ (ಪೊರೆಯಲ್ಲಿ ಅಯಾನುಗಳು ಹಾಯುವ ದಾರಿ). ಎಸ್‌ಎ ನೋಡ್‌ನ ಕೋಶಗಳಲ್ಲಿ ಆ ಚಾನೆಲ್ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ವಿಭವ -60ರ ಆಸುಪಾಸಿಗೆ ಇಳಿದರೂ ಅಲ್ಲಿ ನಿಲ್ಲುವುದಿಲ್ಲ, ಇಳಿದ ಕೂಡಲೇ ಏರತೊಡಗುತ್ತದೆ. ವಿಭವದ ನಕ್ಷೆಯಲ್ಲಿ ಎರಡು ಬಡಿತಗಳ ನಡುವಿನ ಈ ಭಾಗವೇ ಹಂತ 4. ಅದನ್ನು ನೇರ ಅಡ್ಡಗೆರೆಯಾಗಿ ಬರೆದರೆ ನಕ್ಷೆಯ ಜೀವವೇ ಹೋದಂತೆ, ಅದು ಏರುಗೆರೆ.

ಏರಿಸುವುದು ಯಾವುದು? ಮುಖ್ಯವಾಗಿ ಎಚ್‌ಸಿಎನ್ ಎಂಬ ಚಾನೆಲ್‌ಗಳು. ವಿಭವಕ್ಕೆ ಸ್ಪಂದಿಸುವ ಬಹುತೇಕ ಚಾನೆಲ್‌ಗಳು ವಿಭವ ಏರಿದಾಗ ತೆರೆದರೆ, ಇವು ಇಳಿದಾಗ ತೆರೆಯುತ್ತವೆ. ಈ ತಿರುಗುಮುರುಗು ನಡತೆಯೇ ಲಯದ ಗುಟ್ಟು: ಒಂದು ಬಡಿತ ಮುಗಿದದ್ದೇ ಮುಂದಿನದಕ್ಕೆ ಕಾರಣವಾಗುತ್ತದೆ. ಇವುಗಳ ಮೂಲಕ ಸೋಡಿಯಂ ನಿಧಾನವಾಗಿ ಒಳಬರುತ್ತದೆ, ಮುಂದೆ ಟಿ-ಬಗೆಯ ಕ್ಯಾಲ್ಸಿಯಂ ಚಾನೆಲ್‌ಗಳೂ ಕೈಜೋಡಿಸುತ್ತವೆ. ಇದರ ಜೊತೆಗೆ ಕೋಶದೊಳಗಿನ ಸಂಗ್ರಹದಿಂದ ಕ್ಯಾಲ್ಸಿಯಂ ಸೋರುತ್ತದೆ. ಅದನ್ನು ಹೊರಹಾಕುವ ವಿನಿಮಯಕಾರಿ ಪ್ರೋಟೀನ್ 1 ಕ್ಯಾಲ್ಸಿಯಂ ಅಯಾನಿಗೆ ಪ್ರತಿಯಾಗಿ 3 ಸೋಡಿಯಂ ಅಯಾನುಗಳನ್ನು ಒಳಗೆ ಬಿಡುತ್ತದೆ. ಲೆಕ್ಕ ಹಾಕಿ: ಎರಡು ಧನ ಆವೇಶ ಹೊರಗೆ, ಮೂರು ಒಳಗೆ. ಅಂದರೆ ಇದೂ ಏರಿಸುವ ಕೆಲಸವನ್ನೇ ಮಾಡುತ್ತದೆ.

ಸುಮಾರು -40 ಮುಟ್ಟಿದಾಗ ಎಲ್-ಬಗೆಯ ಕ್ಯಾಲ್ಸಿಯಂ ಚಾನೆಲ್‌ಗಳು ತೆರೆದು ಹಂತ 0, ಅಂದರೆ ಬಡಿತದ ಮುಖ್ಯ ಏರಿಕೆ, ಶುರು. ಗಮನಿಸಿ, ಇಲ್ಲಿನ ಏರಿಕೆ ಕ್ಯಾಲ್ಸಿಯಂನದು, ಹೃತ್ಕುಕ್ಷಿಯಲ್ಲಿ ಸೋಡಿಯಂನದು. ಆದ್ದರಿಂದಲೇ ಇದು ಅಷ್ಟು ಕಡಿದಾಗಿರುವುದಿಲ್ಲ. ಹೃತ್ಕುಕ್ಷಿಯಲ್ಲಿ ಕಾಣುವ ಹಂತ 1 (ಚಿಕ್ಕ ಇಳಿತ), ಹಂತ 2 (ಸಮತಟ್ಟು) ಇಲ್ಲಿಲ್ಲ. ಪೊಟ್ಯಾಸಿಯಂ ಹೊರಹೋಗಿ ವಿಭವ ಮತ್ತೆ -60ಕ್ಕೆ.

ನರಗಳ ಪಾಲು ವೇಗದಲ್ಲಿ ಮಾತ್ರ. ಅವುಗಳ ಹಿಡಿತವಿಲ್ಲದೆ ನೋಡ್ ನಿಮಿಷಕ್ಕೆ ಸುಮಾರು 100 ಬಾರಿ ಮಿಡಿಯುತ್ತದೆ. ವಿಶ್ರಾಂತಿಯಲ್ಲಿ ಅದನ್ನು ತಗ್ಗಿಸುವುದು ವೇಗಸ್ ನರ. ಅದು ಸ್ರವಿಸುವ ಅಸಿಟೈಲ್‌ಕೋಲಿನ್ ಬೇರೊಂದು ಪೊಟ್ಯಾಸಿಯಂ ಚಾನೆಲ್ ತೆರೆದು, ಕೋಶದೊಳಗಿನ ಸಂದೇಶವಾಹಕವಾದ ಸೈಕ್ಲಿಕ್ ಎಎಂಪಿಯನ್ನೂ ಇಳಿಸುತ್ತದೆ. ವೇಗ ಹೆಚ್ಚಿಸುವ ಸಿಂಪಥೆಟಿಕ್ ನರಗಳ ನಾರ್‌ಅಡ್ರಿನಲಿನ್ ಸೈಕ್ಲಿಕ್ ಎಎಂಪಿ ಹೆಚ್ಚಿಸುತ್ತದೆ. ಸೈಕ್ಲಿಕ್ ಎಎಂಪಿ ನೇರವಾಗಿ ಎಚ್‌ಸಿಎನ್‌ಗೆ ಅಂಟಿಕೊಂಡು ಏರುಗೆರೆಯನ್ನು ಕಡಿದಾಗಿಸುತ್ತದೆ. ಇದೇ ಚಾನೆಲ್ಲನ್ನು ತಡೆಯುವ ಐವಾಬ್ರಡಿನ್ ಔಷಧ ಬಡಿತವನ್ನು ನಿಧಾನಗೊಳಿಸಿದರೂ, ಬೀಟಾ ಬ್ಲಾಕರ್ ಔಷಧಗಳ ಹಾಗೆ ಸಂಕೋಚನದ ಬಲವನ್ನು ತಗ್ಗಿಸುವುದಿಲ್ಲ.