ಶಟರ್ ವೇಗ ಹೆಚ್ಚಿಸಿದರೂ ಎಲೆ ನಿಲ್ಲುವುದಿಲ್ಲ

ಲಕ್ಕುಂಡಿಯ ಕಾಶಿವಿಶ್ವೇಶ್ವರ ದೇವಾಲಯದ ಬಾಗಿಲವಾಡದಂತಹ ಸೂಕ್ಷ್ಮ ಕೆತ್ತನೆಯನ್ನು ಗೋಡೆಯಷ್ಟು ದೊಡ್ಡದಾಗಿ ಮುದ್ರಿಸಬೇಕೆನ್ನುವವರಿಗೆ ನಾನು ಸ್ಕ್ಯಾನಿಂಗ್ ಕ್ಯಾಮೆರಾವನ್ನೇ, ಅಂದರೆ ಇಡೀ ದೃಶ್ಯವನ್ನು ಒಂದೇ ಬಾರಿಗೆ ಹಿಡಿಯದೆ ಗೆರೆ ಗೆರೆಯಾಗಿ ಓದುವ ಕ್ಯಾಮೆರಾವನ್ನೇ, ಸೂಚಿಸುತ್ತೇನೆ. ಆದರೆ ಚೌಕಟ್ಟಿನೊಳಗೆ ಅಲುಗುವ ವಸ್ತು ಇರಬಾರದು ಎಂದೊಡನೆ ಬಹುತೇಕರಿಂದ ಬರುವುದು ಒಂದೇ ಮಾತು: "ಶಟರ್ ಸ್ಪೀಡ್ ಹೆಚ್ಚ ಮಾಡ್ರಿ ಸರ್, ಎಲ್ಲಾ ನಿಂತ ಬಿಡತಾವ." ಬೆಳಕನ್ನು ಒಳಬಿಡುವ ಸಮಯ ಕಡಿಮೆ ಮಾಡಿ ಎನ್ನುವ, ಸಾಮಾನ್ಯ ಕ್ಯಾಮೆರಾಕ್ಕೆ ಒಪ್ಪುವ ಈ ಸಲಹೆ ಇಲ್ಲಿ ನಡೆಯುವುದಿಲ್ಲವೆಂದು ಎಷ್ಟು ಬಾರಿ ಹೇಳಿದರೂ ಮನದಟ್ಟಾಗುವುದಿಲ್ಲ.

ಬೆಟಗೇರಿಯ ಮಗ್ಗದಲ್ಲಿ ಸೀರೆ ಎಳೆ ಎಳೆಯಾಗಿ ಬೆಳೆಯುವಂತೆ ಈ ಕ್ಯಾಮೆರಾದಲ್ಲಿ ಚಿತ್ರ ಗೆರೆ ಗೆರೆಯಾಗಿ ಬೆಳೆಯುತ್ತದೆ. ಒಂದು ಗೆರೆಗೆ 1/100 ಸೆಕೆಂಡಿನಂತೆ 8,000 ಗೆರೆಗಳನ್ನು ಓದಲು 80 ಸೆಕೆಂಡು ಬೇಕು. 1/200ಕ್ಕೆ ಇಳಿಸಿದರೂ 40 ಸೆಕೆಂಡು ತಪ್ಪದು. ಒಂದು ಗೆರೆಯ ಮಟ್ಟಿಗೆ ಎಲೆ ನಿಂತೇ ಇರುತ್ತದೆ, ಆದರೆ ಮುಂದಿನ ಗೆರೆಗಳ ಸರದಿ ಬರುವಷ್ಟರಲ್ಲಿ ಅದು ಜಾಗ ಬದಲಿಸಿರುತ್ತದೆ. ಆದ್ದರಿಂದ ಇಲ್ಲಿ ಕೆಡುವುದು ಸ್ಪಷ್ಟತೆಗಿಂತ ಹೆಚ್ಚಾಗಿ ಆಕಾರ. ಸ್ಕ್ಯಾನ್ ಸಾಗುವ ದಿಕ್ಕಿನಲ್ಲಿಯೇ ನಿಧಾನವಾಗಿ ನಡೆದವರು ಅಗಲಕ್ಕೆ ಹಿಗ್ಗುತ್ತಾರೆ, ಎದುರಿನಿಂದ ಬಂದವರು ಕುಗ್ಗುತ್ತಾರೆ, ಗಾಳಿಗೆ ತೂಗುವ ಕೊಂಬೆ ಅಂಕುಡೊಂಕಾಗುತ್ತದೆ. ಹುಬ್ಬಳ್ಳಿಯ ಉಣಕಲ್ಲಿನಲ್ಲಿ ಮೊಬೈಲಿನ ಪನೋರಮಾ ತೆಗೆಯುವಾಗ ಚಿಗರಿ ಬಸ್ಸು ವಿಪರೀತ ಉದ್ದವಾಗಿಯೋ ಗಿಡ್ಡವಾಗಿಯೋ ಮೂಡುವುದಕ್ಕೂ ಇದೇ ಕಾರಣ.

ಬಣ್ಣದ ತೊಂದರೆ ಇನ್ನೂ ಸೂಕ್ಷ್ಮವಾದುದು. ಇಂತಹ ಕ್ಯಾಮೆರಾದ ಸೆನ್ಸರಿನಲ್ಲಿ, ಅಂದರೆ ಬೆಳಕನ್ನು ಗ್ರಹಿಸುವ ಭಾಗದಲ್ಲಿ, ಸಾಮಾನ್ಯವಾಗಿ ಕೆಂಪು, ಹಸಿರು, ನೀಲಿ ಬಣ್ಣಗಳಿಗೆ ಮೂರು ಬೇರೆ ಬೇರೆ ಸಾಲುಗಳಿದ್ದು, ದೃಶ್ಯದ ಒಂದೇ ಬಿಂದುವನ್ನು ಅವು ಒಂದರ ಹಿಂದೊಂದು ಓದುತ್ತವೆ. ಆ ನಡುವೆ ವಸ್ತು ಕದಲಿದರೆ ಮೂರೂ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂಡುವುದಿಲ್ಲ. ಒಮ್ಮೆ ಒಬ್ಬ ಹಿರಿಯರು ಪರದೆಯ ಮೇಲೆ ಚಿತ್ರವನ್ನು ಹಿಗ್ಗಿಸಿ ನೋಡುತ್ತಿದ್ದರು: ಬಳಪದ ಕಲ್ಲಿನಲ್ಲಿ ಉಳಿಯ ಗೀರೂ ಎಣಿಸುವಷ್ಟು ಸ್ಪಷ್ಟ, ಪಕ್ಕದ ಬೇವಿನ ಎಲೆಗೆ ಮಾತ್ರ ಒಂದು ಕಡೆ ಕೆಂಪು, ಇನ್ನೊಂದು ಕಡೆ ನೀಲಿ ಅಂಚು. "ಲೆನ್ಸ್ ಕೆಟ್ಟೈತೇನ್ರಿ?" ಎಂದು ಕೇಳಿದರು. ಅಷ್ಟು ಕಾಳಜಿಯಿಂದ ನೋಡುವವರನ್ನು ಕಂಡರೆ ನನಗೆ ಪ್ರೀತಿಯೇ. ಲೆನ್ಸ್ ಕೆಟ್ಟಿದ್ದರೆ ಕಲ್ಲಿನ ಅಂಚಿಗೂ ಅದೇ ಬಣ್ಣ ಬರಬೇಕಿತ್ತು ಎಂದು ತೋರಿಸಿದ ಮೇಲೆ ಒಪ್ಪಿದರು.

ಫ್ಲಾಶ್ ಬಳಸಿದರೂ ಆ ಕ್ಷಣದಲ್ಲಿ ಓದುತ್ತಿದ್ದ ಕೆಲವೇ ಗೆರೆಗಳು ಬೆಳಗುತ್ತವೆ. ತಂತ್ರಾಂಶದಿಂದ ಬಣ್ಣದ ಅಂಚನ್ನು ಒಂದು ಮಟ್ಟಿಗೆ ತಗ್ಗಿಸಬಹುದು, ಕೆಟ್ಟ ಆಕಾರವನ್ನು ನಂಬುವಂತೆ ಸರಿಪಡಿಸುವುದು ಕಷ್ಟ. ಒಂದೇ ಚೌಕಟ್ಟನ್ನು ಎರಡು ಮೂರು ಬಾರಿ ಸ್ಕ್ಯಾನ್ ಮಾಡಿದರೆ, ನಡುವೆ ಹಾದುಹೋದವರನ್ನು ತೆಗೆದು ಅವರ ಹಿಂದಿನ ಕಲ್ಲನ್ನು ಕೂಡಿಸಬಹುದು. ಬೆಳಕು ಬದಲಾಗದಿದ್ದರೆ ಮಾತ್ರ. ಭಕ್ತರೂ ಪತಾಕೆಗಳೂ ಚಿತ್ರದಲ್ಲಿ ಇರಲೇಬೇಕು ಎನ್ನುವುದಾದರೆ ಆ ಒಂದು ಚಿತ್ರವನ್ನು ಸಾಮಾನ್ಯ ಕ್ಯಾಮೆರಾದಲ್ಲಿ ತೆಗೆಸಿಕೊಳ್ಳಿ, ಮುದ್ರಣದ ಗಾತ್ರವನ್ನು ಅದಕ್ಕೆ ತಕ್ಕಂತೆ ಇಳಿಸಿಕೊಳ್ಳಿ.