ಪದ ಪರಿಚಯ: ಎಲೆಕ್ಟಬಿಲಿಟಿ

ಚುನಾವಣೆ ಹತ್ತಿರವಾಗಿ ಟಿಕೆಟ್ ಹಂಚಿಕೆಯ ಮಾತು ಶುರುವಾಯಿತೆಂದರೆ ನಮ್ಮ ಪತ್ರಿಕೆಗಳಲ್ಲಿ ತಪ್ಪದೆ ಬರುವ ಮಾತು ‘ಗೆಲ್ಲುವ ಕುದುರೆ’. ಪಕ್ಷಕ್ಕಾಗಿ ಇಪ್ಪತ್ತು ವರ್ಷ ದುಡಿದವರು ಒಂದು ಕಡೆ. ಜಾತಿ, ಹಣ, ಕ್ಷೇತ್ರದ ಓಡಾಟ ಎಲ್ಲವನ್ನೂ ಅಳೆದು ‘ಇವರಾದರೆ ಗೆದ್ದು ಬರುತ್ತಾರೆ’ ಎನಿಸಿಕೊಂಡವರು ಇನ್ನೊಂದು ಕಡೆ. ಬಿ ಫಾರಂ ಹೆಚ್ಚಾಗಿ ಯಾರ ಕೈ ಸೇರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಸುದ್ದಿಗಳಲ್ಲಿ ನಾಲ್ಕು ವರ್ಷಕ್ಕೊಮ್ಮೆ ಕೇಳಿಬರುವ ‘ಎಲೆಕ್ಟಬಿಲಿಟಿ’ ಈ ಮಾತಿಗೆ ಹತ್ತಿರದ ನೆಂಟ. ಆದರೆ ಒಂದು ವ್ಯತ್ಯಾಸವಿದೆ, ಪದದ ತೊಡಕೆಲ್ಲ ಅದರಲ್ಲೇ ಇದೆ. ನಮ್ಮಲ್ಲಿ ಕುದುರೆ ಆರಿಸುವುದು ಹೈಕಮಾಂಡ್. ಅಲ್ಲಿ ಆ ಲೆಕ್ಕ ಹಾಕಬೇಕಾದವರು ಸ್ವತಃ ಮತದಾರರು.

ಇದನ್ನು ‘ಚುನಾವಣಾ ಅರ್ಹತೆ’ ಎಂದು ಕನ್ನಡಕ್ಕೆ ತಂದರೆ ದಾರಿ ತಪ್ಪುತ್ತದೆ. ಅರ್ಹತೆ ಕಾನೂನಿನ ವಿಷಯ. ಅಮೆರಿಕದ ಅಧ್ಯಕ್ಷರಾಗಲು ಹುಟ್ಟಿನಿಂದಲೇ ಅಲ್ಲಿನ ಪ್ರಜೆಯಾಗಿರಬೇಕು, 35 ವರ್ಷ ತುಂಬಿರಬೇಕು, 14 ವರ್ಷ ದೇಶದಲ್ಲಿ ವಾಸವಾಗಿರಬೇಕು. ಇವನ್ನು ಕಾಗದಪತ್ರ ನೋಡಿ ಹೇಳಬಹುದು. ಎಲೆಕ್ಟಬಿಲಿಟಿಗೆ ಅಂಥ ಕಾಗದವಿಲ್ಲ. ಈ ಅಭ್ಯರ್ಥಿಯನ್ನು ನಮ್ಮ ಪಕ್ಷ ನಿಲ್ಲಿಸಿದರೆ ನವೆಂಬರಿನ ಅಂತಿಮ ಚುನಾವಣೆಯಲ್ಲಿ ಎದುರಾಳಿ ಪಕ್ಷದವರನ್ನು ಸೋಲಿಸಬಲ್ಲರೇ ಎಂಬ ಅಂದಾಜಷ್ಟೇ ಅದು. ‘ಗೆಲ್ಲಬಲ್ಲತನ’ ಎಂದರೆ ಅರ್ಥಕ್ಕೆ ಹತ್ತಿರ ಬರುತ್ತದೆ ಎಂದು ನನಗನಿಸುತ್ತದೆ.

ಇಂಥ ಅಂದಾಜು ಮತದಾರರ ಹೆಗಲಿಗೆ ಬಿದ್ದದ್ದು ಪ್ರೈಮರಿಗಳಿಂದ. ಪಕ್ಷದ ಅಧಿಕೃತ ಅಭ್ಯರ್ಥಿ ಯಾರಾಗಬೇಕೆಂದು ಒಂದೊಂದು ರಾಜ್ಯದಲ್ಲೂ ಆ ಪಕ್ಷದ ಮತದಾರರೇ ಮತ ಹಾಕಿ ತೀರ್ಮಾನಿಸುವ ಸುತ್ತು ಇದು. ಕೆಲವು ರಾಜ್ಯಗಳಲ್ಲಿ ಇದರ ಬದಲು ಕಾಕಸ್ ಎಂಬ ಊರಸಭೆ ನಡೆಯುತ್ತದೆ. ಮೊದಲೆಲ್ಲ ಪ್ರೈಮರಿಗಳಿಗೆ ಇಷ್ಟು ತೂಕವಿರಲಿಲ್ಲ. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದೇ ಒಂದು ಪ್ರೈಮರಿಗೂ ಸ್ಪರ್ಧಿಸದೆ ಡೆಮಾಕ್ರಟಿಕ್ ಅಭ್ಯರ್ಥಿಯಾದರು. ಅವರನ್ನು ಆರಿಸಿದ ಪಕ್ಷದ ಶಿಕಾಗೊ ಅಧಿವೇಶನದ ಒಳಗೂ ಹೊರಗೂ ಎದ್ದ ಸಿಟ್ಟಿನ ನಂತರ ಪಕ್ಷ ನಿಯಮ ಬದಲಿಸಿತು, 1972ರಿಂದ ಆಯ್ಕೆ ಮತದಾರರ ಕೈಗೆ ಬಂತು. ಆಯ್ಕೆಯ ಜೊತೆಗೆ, ಅದುವರೆಗೆ ಮುಖಂಡರು ಮುಚ್ಚಿದ ಕೋಣೆಯಲ್ಲಿ ಹಾಕುತ್ತಿದ್ದ ಲೆಕ್ಕವೂ ಬಂತು.

ಹೆಣ್ಣು ನೋಡಲು ಹೋಗಿ ಬಂದ ಮನೆಯಲ್ಲಿ ಒಂದು ಮಾತು ಕೇಳುತ್ತೇವಲ್ಲ: ‘ನಮಗೇನೋ ಒಪ್ಪಿಗೆಯೇ, ಆದರೆ ನಾಲ್ಕು ಜನ ಏನಂತಾರೋ’. ಆ ನಾಲ್ಕು ಜನ ಯಾರು ಎಂದು ಯಾರೂ ಕೇಳುವುದಿಲ್ಲ. ಪ್ರೈಮರಿಯ ಮತದಾರರ ಮನಸ್ಸಿನಲ್ಲೂ ಅಂಥ ನಾಲ್ಕು ಜನರಿದ್ದಾರೆ. ಒಬ್ಬ ವಿಸ್ಕಾನ್ಸಿನ್ನಿನ ಬಿಳಿಯ ಕಾರ್ಖಾನೆ ಕೆಲಸಗಾರ, ಇನ್ನೊಬ್ಬಳು ಫಿಲಡೆಲ್ಫಿಯಾದ ಹೊರವಲಯದಲ್ಲಿ ಮಕ್ಕಳನ್ನು ಶಾಲೆಗೆ ಬಿಡುವ ತಾಯಿ. ಅಧ್ಯಕ್ಷರ ಆಯ್ಕೆ ದೇಶದ ಒಟ್ಟು ಮತಗಳಿಂದ ಆಗುವುದಿಲ್ಲ, ರಾಜ್ಯವಾರು ಹಂಚಿರುವ 538 ಎಲೆಕ್ಟೋರಲ್ ಮತಗಳಲ್ಲಿ 270 ಯಾರಿಗೆ ಬಂತು ಎಂಬುದರಿಂದ ಆಗುತ್ತದೆ. ಹಾಗಾಗಿ ಎರಡೂ ಕಡೆ ವಾಲಬಲ್ಲ ಕೆಲವೇ ರಾಜ್ಯಗಳ ಜನರೇ ಈ ನಾಲ್ವರ ಜಾಗಕ್ಕೆ ಬರುತ್ತಾರೆ. ‘ನನಗೆ ಇವರು ಇಷ್ಟ, ಆದರೆ ಅವರು ಒಪ್ಪಬೇಕಲ್ಲ’ ಎಂದು ಮತದಾರ ಹಿಂಜರಿದ ಕ್ಷಣದಲ್ಲೇ ಎಲೆಕ್ಟಬಿಲಿಟಿ ಕೆಲಸ ಮಾಡುತ್ತಿರುತ್ತದೆ.

2004ರ ಡೆಮಾಕ್ರಟಿಕ್ ಪ್ರೈಮರಿ ಇದಕ್ಕೆ ಒಳ್ಳೆಯ ಪಾಠ. ಇರಾಕ್ ಯುದ್ಧವನ್ನು ಮೊದಲಿನಿಂದಲೂ ನೇರವಾಗಿ ವಿರೋಧಿಸಿದ್ದ ಹೊವರ್ಡ್ ಡೀನ್ ಮುಂಚೂಣಿಯಲ್ಲಿದ್ದರು. ಯುವಕರು ಇಂಟರ್ನೆಟ್ಟಿನಲ್ಲಿ ಅವರಿಗಾಗಿ ಹಣ ಕೂಡಿಸುತ್ತಿದ್ದರು. ಜನವರಿ 19ರಂದು ಐಯೊವಾ ರಾಜ್ಯದ ಕಾಕಸ್ ನಡೆದಾಗ ಡೀನ್ ಮೂರನೆಯ ಸ್ಥಾನಕ್ಕೆ ಇಳಿದರು, ಜಾನ್ ಕೆರ್ರಿ ಗೆದ್ದರು. ವಿಯೆಟ್ನಾಂ ಯುದ್ಧದಲ್ಲಿ ಪದಕ ಪಡೆದ ಸೈನಿಕ, ಸೆನೆಟರ್; ಯುದ್ಧಕಾಲದ ಅಧ್ಯಕ್ಷ ಜಾರ್ಜ್ ಬುಷ್ ಎದುರು ನಿಲ್ಲಿಸಲು ಇವರೇ ಸರಿ ಎಂದು ಜನ ಎಣಿಸಿದ್ದರು. ‘ಡೀನ್ ಜೊತೆ ಸುತ್ತಾಡಿದೆ, ಕೆರ್ರಿಯನ್ನು ಮದುವೆಯಾದೆ’ ಎಂಬ ಅರ್ಥದ ಘೋಷಣೆ ಆಗ ಚಾಲ್ತಿಗೆ ಬಂದಿತ್ತು. ಮುಂದೆ ಆದದ್ದೇನು? ಆಗಸ್ಟಿನಲ್ಲಿ ಕೆಲವು ಮಾಜಿ ಸೈನಿಕರ ಗುಂಪೊಂದು ಕೆರ್ರಿಯ ಯುದ್ಧದ ದಾಖಲೆಯ ಮೇಲೆಯೇ ಜಾಹೀರಾತಿನ ದಾಳಿ ಮಾಡಿತು. ಯಾವ ಗುಣ ನೋಡಿ ಅವರನ್ನು ಆರಿಸಿದ್ದರೋ ಪೆಟ್ಟು ಬಿದ್ದದ್ದು ಅದಕ್ಕೇ. ಒಹಾಯೊ ರಾಜ್ಯವನ್ನು ಸುಮಾರು 1.18 ಲಕ್ಷ ಮತಗಳಿಂದ ಕಳೆದುಕೊಂಡ ಕೆರ್ರಿ ಚುನಾವಣೆಯನ್ನೂ ಕಳೆದುಕೊಂಡರು. ಡೀನ್ ನಿಂತಿದ್ದರೆ ಗೆಲ್ಲುತ್ತಿದ್ದರೇ? ಯಾರೂ ಹೇಳಲಾರರು. ಈ ಅಂದಾಜಿನ ದೊಡ್ಡ ದೋಷವೇ ಅದು. ಆರಿಸದೆ ಬಿಟ್ಟ ಕುದುರೆ ಓಡುವುದೇ ಇಲ್ಲ, ಹಾಗಾಗಿ ನಮ್ಮ ಎಣಿಕೆ ಸರಿಯಿತ್ತೇ ಎಂದು ಒರೆಗೆ ಹಚ್ಚಲು ದಾರಿಯೇ ಇಲ್ಲ.

2008ರಲ್ಲಿ ಇದೇ ಪದ ಬೇರೊಂದು ಮುಖ ತೋರಿಸಿತು. ಬರಾಕ್ ಒಬಾಮ ಕಣಕ್ಕಿಳಿದಾಗ ಕಪ್ಪು ಮತದಾರರೆಲ್ಲ ಒಮ್ಮೆಗೇ ಅವರ ಹಿಂದೆ ಬರಲಿಲ್ಲ. ಅಭಿಮಾನವಿರಲಿಲ್ಲ ಎಂದಲ್ಲ, ‘ಬಿಳಿಯರು ಇವನಿಗೆ ಮತ ಹಾಕುತ್ತಾರೆಯೇ’ ಎಂಬ ಸಂಶಯವಿತ್ತು. ಅದರಲ್ಲೂ ಹಿರಿಯರು ತಮ್ಮ ಕಾಲದಲ್ಲಿ ಕಂಡುಂಡದ್ದರಿಂದ ಆ ಪ್ರಶ್ನೆ ಕೇಳುತ್ತಿದ್ದರು. ಜನವರಿ 3ರಂದು, ಜನಸಂಖ್ಯೆಯಲ್ಲಿ ಬಹುಪಾಲು ಬಿಳಿಯರೇ ಇರುವ ಐಯೊವಾದಲ್ಲಿ ಒಬಾಮ ಗೆದ್ದರು. ಮೂರು ವಾರ ಕಳೆದು, ಪಕ್ಷದ ಮತದಾರರಲ್ಲಿ ಕಪ್ಪು ಜನರು ಹೆಚ್ಚಿರುವ ಸೌತ್ ಕ್ಯಾರೊಲಿನಾದಲ್ಲಿ ಅವರಿಗೆ ಶೇ 55 ಮತ, ಹಿಲರಿ ಕ್ಲಿಂಟನ್‌ಗೆ ಶೇ 27. ಆ ನಡುವೆ ಒಬಾಮ ಬದಲಾಗಿರಲಿಲ್ಲ, ಅವರ ನೀತಿಯೂ ಬದಲಾಗಿರಲಿಲ್ಲ. ಬದಲಾದದ್ದು ನೆರೆಯವರ ಬಗ್ಗೆ ಮತದಾರರಿಗಿದ್ದ ನಂಬಿಕೆ. ಅಭ್ಯರ್ಥಿಯ ಮೈಗಂಟಿದ ಗುಣವೆಂಬಂತೆ ಮಾತಾಡುವ ಈ ‘ಗೆಲ್ಲಬಲ್ಲತನ’ ನಿಜಕ್ಕೂ ಮತದಾರರು ಒಬ್ಬರನ್ನೊಬ್ಬರು ಎಷ್ಟು ನಂಬುತ್ತಾರೆ ಎಂಬುದರ ಅಳತೆ. ಪದ ಓದುವಾಗ ನಾನು ಮರೆಯಬಾರದೆಂದು ಇಟ್ಟುಕೊಂಡಿರುವ ಮಾತು ಇದೊಂದೇ.

ಪದ ಅತಿ ಹೆಚ್ಚು ಬಳಕೆಯಾದದ್ದು 2019–20ರಲ್ಲಿ. ಡೊನಾಲ್ಡ್ ಟ್ರಂಪ್ ಅವರನ್ನು ಸೋಲಿಸಬೇಕೆಂಬ ಹಟ ಡೆಮಾಕ್ರಟರಲ್ಲಿ ಎಷ್ಟಿತ್ತೆಂದರೆ, ತಮ್ಮ ಅಭಿಪ್ರಾಯಕ್ಕೆ ಹೊಂದುವವರಿಗಿಂತ ಗೆದ್ದು ಬರುವವರೇ ಬೇಕು ಎಂದು ಸಮೀಕ್ಷೆಗಳಲ್ಲಿ ಬಹುಪಾಲು ಜನ ಹೇಳುತ್ತಿದ್ದರು. 2019ರ ಒಂದು ಸಮೀಕ್ಷೆಯಲ್ಲಿ ಎರಡು ಪ್ರಶ್ನೆ ಕೇಳಲಾಯಿತು. ಇವತ್ತೇ ಪ್ರೈಮರಿ ನಡೆದರೆ ಯಾರಿಗೆ ಮತ ಎಂದಾಗ ಜೋ ಬೈಡನ್ ಮುಂದಿದ್ದರು. ನಿಮ್ಮ ಕೈಯಲ್ಲಿ ಮಂತ್ರದಂಡವಿದ್ದು ಚುನಾವಣೆಯ ಗೊಡವೆಯೇ ಇಲ್ಲದೆ ನೇರವಾಗಿ ಅಧ್ಯಕ್ಷರನ್ನು ಮಾಡಬಹುದಾದರೆ ಯಾರನ್ನು ಮಾಡುತ್ತೀರಿ ಎಂದಾಗ ಅದೇ ಪಕ್ಷದ ಇನ್ನೊಬ್ಬ ಸ್ಪರ್ಧಿ ಎಲಿಜಬೆತ್ ವಾರನ್ ಮುಂದೆ ಬಂದರು. ಆ ಎರಡು ಉತ್ತರಗಳ ನಡುವಿನ ಅಂತರದಲ್ಲೇ ‘ನಾಲ್ಕು ಜನ’ ಕುಳಿತಿದ್ದರು. ಹೆಂಗಸಿಗೆ ಮತ ಹಾಕಲು ನನಗೇನೂ ಅಡ್ಡಿಯಿಲ್ಲ, ಪಕ್ಕದ ಮನೆಯವರು ಹಾಕಲಿಕ್ಕಿಲ್ಲ ಎಂಬ ಮಾತು ಆ ವರ್ಷ ಮತ್ತೆ ಮತ್ತೆ ಕೇಳಿಬಂತು. 2016ರಲ್ಲಿ ಹಿಲರಿಗೆ ದೇಶದಾದ್ಯಂತ ಟ್ರಂಪ್‌ಗಿಂತ ಸುಮಾರು 29 ಲಕ್ಷ ಮತ ಹೆಚ್ಚು ಬಿದ್ದಿತ್ತು. ಪೆನ್ಸಿಲ್ವೇನಿಯಾ, ಮಿಷಿಗನ್, ವಿಸ್ಕಾನ್ಸಿನ್ ಮೂರೂ ಸೇರಿ ಸುಮಾರು 78 ಸಾವಿರ ಮತಗಳಲ್ಲಿ ಸೋತದ್ದು ಮಾತ್ರ ಜನರ ನೆನಪಲ್ಲಿ ಉಳಿಯಿತು.

ಇಲ್ಲಿ ನನಗೆ ನಿಜವಾಗಿ ನೋವಾಗುವ ಸಂಗತಿಯಿದೆ. ಹೆಣ್ಣಾದ ಕಾರಣಕ್ಕೆ, ಬಣ್ಣದ ಕಾರಣಕ್ಕೆ ಒಬ್ಬರನ್ನು ಬೇಡ ಎನ್ನುವುದು ತಪ್ಪೆಂದು ಬಲ್ಲ ಒಳ್ಳೆಯ ಜನರೇ, ಬೇರೆಯವರು ಹಾಗೆ ಬೇಡ ಎನ್ನಬಹುದೆಂಬ ಹೆದರಿಕೆಯಿಂದ ತಾವೇ ಬೇಡ ಎಂದುಬಿಡುತ್ತಾರೆ. ಪೂರ್ವಗ್ರಹ ಇಲ್ಲದವರ ಕೈಯಿಂದಲೂ ಪೂರ್ವಗ್ರಹದ ಮತವೇ ಬೀಳುತ್ತದೆ. ವಾರನ್ ತಮ್ಮ ಸ್ವಂತ ರಾಜ್ಯ ಮ್ಯಾಸಚುಸೆಟ್ಸ್‌ನಲ್ಲಿ ಮೂರನೆಯವರಾಗಿ 2020ರ ಮಾರ್ಚ್ 5ರಂದು ಕಣದಿಂದ ಹಿಂದೆ ಸರಿದರು. ಅದಕ್ಕೆ ಇದೊಂದೇ ಕಾರಣವಲ್ಲ, ಆದರೆ ಇದೂ ಒಂದು ಕಾರಣವಾಗಿರಲಿಲ್ಲ ಎಂದು ನಂಬುವುದು ಕಷ್ಟ.

ಹಾಗೆಂದು ಎಲೆಕ್ಟಬಿಲಿಟಿಯನ್ನು ಬರೀ ಹೇಡಿತನ ಎನ್ನಲೂ ಮನಸ್ಸು ಒಪ್ಪುವುದಿಲ್ಲ. 2020ರಲ್ಲಿ ಬೈಡನ್ ಐಯೊವಾದಲ್ಲಿ ನಾಲ್ಕನೆಯವರು, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೆಯವರು. ಗೆಲ್ಲುವ ಕುದುರೆ ಎನಿಸಿಕೊಂಡವರು ಗೆಲ್ಲುತ್ತಲೇ ಇರಲಿಲ್ಲ. ಫೆಬ್ರವರಿ 26ರಂದು ಸೌತ್ ಕ್ಯಾರೊಲಿನಾದ ಹಿರಿಯ ಕಪ್ಪು ಸಂಸದ ಜಿಮ್ ಕ್ಲೈಬರ್ನ್ ಬೈಡನ್‌ಗೆ ಬೆಂಬಲ ಘೋಷಿಸಿ, ನಮಗೆ ಜೋ ಗೊತ್ತು, ಅದಕ್ಕಿಂತ ಮುಖ್ಯವಾಗಿ ಜೋಗೆ ನಾವು ಗೊತ್ತು ಎಂದರು. ಮೂರು ದಿನಕ್ಕೆ ಬೈಡನ್ ಅಲ್ಲಿ ಸುಮಾರು ಅರ್ಧದಷ್ಟು ಮತ ಬಾಚಿದರು. ಪೀಟ್ ಬುಟಿಜೆಜ್, ಏಮಿ ಕ್ಲೋಬುಚಾರ್ ಕಣದಿಂದ ಸರಿದು ಅವರ ಬೆನ್ನಿಗೆ ನಿಂತರು. ಒಂದೇ ದಿನ ಹಲವು ರಾಜ್ಯಗಳು ಮತ ಹಾಕುವ ಸೂಪರ್ ಟ್ಯೂಸ್‌ಡೇಯಲ್ಲಿ, ಮಾರ್ಚ್ 3ರಂದು, 14 ರಾಜ್ಯಗಳ ಪೈಕಿ 10 ಅವರ ಪಾಲಾದವು. ತಮ್ಮ ಬಿಳಿಯ ನೆರೆಯವರನ್ನು ತಲೆಮಾರುಗಳಿಂದ ಹತ್ತಿರದಿಂದ ಬಲ್ಲ ಕಪ್ಪು ಮತದಾರರು, ಸೋತರೆ ಮೊದಲು ಬಿಸಿ ತಟ್ಟುವುದು ತಮಗೇ ಎಂದು ಬಲ್ಲ ಜನ ಹಾಕಿದ ಲೆಕ್ಕ ಅದು. ನವೆಂಬರಿನಲ್ಲಿ ಬೈಡನ್ ಗೆದ್ದರು. ಅದೂ ಸಲೀಸಾಗಿ ಅಲ್ಲ: ದೇಶದಲ್ಲಿ 70 ಲಕ್ಷ ಮತಗಳ ಮುನ್ನಡೆ ಇದ್ದರೂ ಅರಿಜೋನಾ, ಜಾರ್ಜಿಯಾ, ವಿಸ್ಕಾನ್ಸಿನ್‌ಗಳ ಒಟ್ಟು ಅಂತರ ಸುಮಾರು 43 ಸಾವಿರ.

ಇತಿಹಾಸವೂ ಎರಡೂ ಕಡೆ ಸಾಕ್ಷಿ ಹೇಳುತ್ತದೆ. 1964ರಲ್ಲಿ ರಿಪಬ್ಲಿಕನ್ನರು ಬ್ಯಾರಿ ಗೋಲ್ಡ್‌ವಾಟರ್ ಅವರನ್ನು ನಿಲ್ಲಿಸಿ ಆರೇ ರಾಜ್ಯ ಗೆದ್ದರು. 1972ರಲ್ಲಿ ಡೆಮಾಕ್ರಟರ ಜಾರ್ಜ್ ಮೆಕ್‌ಗವರ್ನ್ 49 ರಾಜ್ಯಗಳಲ್ಲಿ ಸೋತರು. ವಿಚಾರದಲ್ಲಿ ಅತಿಗೆ ಹೋದವರು ಗೆಲ್ಲುವುದಿಲ್ಲ ಎಂಬ ಮಾತಿಗೆ ಇಬ್ಬರೂ ಉದಾಹರಣೆಯಾದರು. ಆದರೆ 1980ರಲ್ಲಿ ಮಾಜಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅವರೇ ರೊನಾಲ್ಡ್ ರೇಗನ್ ಗೆಲ್ಲಲಾರರು ಎಂದಿದ್ದರು. ರೇಗನ್ 44 ರಾಜ್ಯ ಗೆದ್ದರು. 2016ರಲ್ಲಿ ಟ್ರಂಪ್ ಬಗ್ಗೆಯೂ ಪಂಡಿತರು ಅದನ್ನೇ ಹೇಳಿ ತಪ್ಪಿದರು. 2024ರ ರಿಪಬ್ಲಿಕನ್ ಪ್ರೈಮರಿಯಲ್ಲಿ ಟ್ರಂಪ್ ಎದುರು ನಿಂತ ನಿಕಿ ಹೇಲಿ ‘ಬೈಡನ್‌ರನ್ನು ಸೋಲಿಸಲು ನಾನೇ ಸರಿ’ ಎಂದು ಸಮೀಕ್ಷೆ ಮುಂದಿಟ್ಟು ವಾದಿಸಿದರೂ ಸಿಕ್ಕದ್ದು ವಾಷಿಂಗ್ಟನ್ ಡಿಸಿ ಮತ್ತು ವರ್ಮಾಂಟ್ ಮಾತ್ರ. ತಮಗಿಷ್ಟವಾದವರೇ ಗೆಲ್ಲುತ್ತಾರೆ ಎಂದು ನಂಬಿದ ಮತದಾರರಿಗೆ ಈ ವಾದ ತಾಗುವುದೇ ಇಲ್ಲ. ಅದೇ ವರ್ಷ ಜುಲೈ 21ರಂದು, ನಾಲ್ಕು ವರ್ಷದ ಹಿಂದೆ ಗೆಲ್ಲಬಲ್ಲವರೆಂದೇ ಆರಿಸಿ ಬಂದಿದ್ದ ಬೈಡನ್, ಗೆಲ್ಲಲಾರರೆಂಬ ಕೂಗಿಗೆ ಮಣಿದು ಹಿಂದೆ ಸರಿದರು.

ಅಮೆರಿಕದಲ್ಲಿ ಮತದ ಹಕ್ಕು ಪಡೆದಿರುವ ಕನ್ನಡಿಗರಿಗೂ ಈ ಪದ ಸಿಗುತ್ತದೆ, ಆದರೆ ಸಿಗುವ ಹೊತ್ತು ಎಲ್ಲರಿಗೂ ಒಂದೇ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿರುವವರು 2020 ಮತ್ತು 2024ರಲ್ಲಿ ಸೂಪರ್ ಟ್ಯೂಸ್‌ಡೇಯಂದೇ ಮತ ಹಾಕಿದರು. ನ್ಯೂಜೆರ್ಸಿಯ ಪ್ರೈಮರಿ ಸಾಮಾನ್ಯವಾಗಿ ಜೂನ್ ತಿಂಗಳಲ್ಲಿ. 2024ರಲ್ಲಿ ಅದು ಜೂನ್ 4ರಂದು ನಡೆಯಿತು. ಬೈಡನ್ ಮತ್ತು ಟ್ರಂಪ್ ಇಬ್ಬರೂ ಪಕ್ಷದ ಅಧಿವೇಶನದಲ್ಲಿ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳನ್ನು ಬೇಕಾದಷ್ಟು ಗಳಿಸಿ ಸ್ಪರ್ಧೆ ಮುಗಿಸಿದ್ದು ಮಾರ್ಚ್ 12ರಂದೇ. ಯಾರು ಗೆಲ್ಲಬಲ್ಲರು ಎಂಬ ಪ್ರಶ್ನೆ ನ್ಯೂಜೆರ್ಸಿಯವರ ಸರದಿ ಬರುವ ಹನ್ನೆರಡು ವಾರ ಮೊದಲೇ ತೀರ್ಮಾನವಾಗಿತ್ತು.